ಐದು ಸಾಮ್ರಾಜ್ಯಗಳ ಅಂಚು

ರಿಯಾದಿನ ಮಲಾಜ್‌ನಲ್ಲಿದ್ದ ನಮ್ಮ ನಕ್ಷೆ ಕಚೇರಿಗೆ ಆ ಕೆಲಸ ಬಂದದ್ದು ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ. ಶಾಲೆಯ ಗೋಡೆಗೆ ತೂಗುಹಾಕುವಂಥ ಐದು ದೊಡ್ಡ ಚರಿತ್ರೆಯ ನಕ್ಷೆಗಳು ಬೇಕಾಗಿದ್ದವು. ತುರ್ಕಿಯ ಒಟ್ಟೋಮನ್, ಇರಾನಿನ ಸಫವಿ, ಮೊಘಲ್, ರಷ್ಯಾ, ಚೀನಾ. ಹೆಚ್ಚಾಗಿ ನೆಲದ ಮೇಲೆಯೇ ಹೆಜ್ಜೆ ಹೆಜ್ಜೆಯಾಗಿ ಬೆಳೆದ ಈ ಐದು ಸಾಮ್ರಾಜ್ಯಗಳು ಹೇಗೆ ಹಿಗ್ಗುತ್ತ ಹೋದವು ಎಂಬುದನ್ನು ಒಂದೊಂದು ಹಾಳೆಯಲ್ಲಿ ತೋರಿಸಬೇಕು. ಹುಟ್ಟಿದ ನೆಲಕ್ಕೆ ಗಾಢ ಬಣ್ಣ, ಆಮೇಲೆ ಸೇರಿದ್ದಕ್ಕೆ ಅದಕ್ಕಿಂತ ತಿಳಿ, ಕೊನೆಗೆ ಸೇರಿದ್ದಕ್ಕೆ ಇನ್ನೂ ತಿಳಿ. ಶಾಲೆಗಳ ಬಾಗಿಲು ತೆರೆಯುವುದಕ್ಕೆ ಎಂಟು ವಾರ ಇತ್ತು.

ಅದುವರೆಗೆ ನಾನು ಅಲ್ಲಿ ಬರೆದದ್ದೆಲ್ಲ ಬೀದಿಗಳ ನಕ್ಷೆ, ಒಳಚರಂಡಿಯ ನಕ್ಷೆ. ನಾನು ಮೂಲ್ಕಿಯ ಕಡೆಯ ಡ್ರಾಫ್ಟ್ಸ್‌ಮನ್. ಸಾಮ್ರಾಜ್ಯಗಳ ಬಗ್ಗೆ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಮ್ಯಾನೇಜರ್ ಬೈರೂತಿನವರು. ಆಕರಕ್ಕೆಂದು ಮೂರು ದಪ್ಪ ಅಟ್ಲಾಸುಗಳನ್ನು ನನ್ನ ಮೇಜಿನ ಮೇಲೆ ಇಟ್ಟು, ಕುರ್ಚಿಯ ಬೆನ್ನಿಗೆ ಬೆರಳಿನಿಂದ ಎರಡು ಸಲ ಬಡಿದು, "ಐದೂ ನಿನ್ನವೇ. ಯಲ್ಲಾ, ಶುರು ಮಾಡು" ಎಂದರು. ಆ ತಿಂಗಳುಗಳಲ್ಲಿ ನನ್ನ ಇಕಾಮಾದ, ಅಂದರೆ ಆ ದೇಶದಲ್ಲಿರುವ ಪರವಾನಗಿಯ, ಅವಧಿ ಮುಗಿಯುವುದರಲ್ಲಿತ್ತು. ಅದನ್ನು ಮುಂದುವರಿಸಲು ನನ್ನ ಹೊಣೆ ಹೊತ್ತ ಕಫೀಲನಿಗೆ ಹೋಗಬೇಕಾದ ಪತ್ರ ಮ್ಯಾನೇಜರರ ಸಹಿಗಾಗಿ ಅವರ ಡ್ರಾಯರಿನಲ್ಲಿ ಕಾಯುತ್ತಿತ್ತು. ಆ ಡ್ರಾಯರು ನನ್ನ ಮೇಜಿನಿಂದ ನೇರ ಕಾಣುತ್ತಿತ್ತು.

ಕಂಪ್ಯೂಟರು ಇಲ್ಲದ ಕಾಲ. ಬಣ್ಣದ ನಕ್ಷೆ ಅಚ್ಚಾಗಬೇಕಾದರೆ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಫಿಲ್ಮ್ ಬೇಕು. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಕರಾವಳಿ, ನದಿ, ಬೆಟ್ಟಗಳಿರುವ ಮೂಲ ನಕ್ಷೆ ಇಟ್ಟು, ಅದರ ಮೇಲೆ ತೆಳ್ಳಗೆ ಕೆಂಪು ಪೊರೆ ಇರುವ ಫಿಲ್ಮ್ ಹಾಸುತ್ತಿದ್ದೆವು. ಯಾವ ಪ್ರದೇಶಕ್ಕೆ ಬಣ್ಣ ಬರಬೇಕೋ ಅದರ ಅಂಚಿಗೆ ಬ್ಲೇಡಿನಿಂದ ಗೀರು. ಕೆಂಪು ಪೊರೆ ಮಾತ್ರ ಕತ್ತರಿಸಬೇಕು, ಅಡಿಯ ಫಿಲ್ಮಿಗೆ ತಾಗಬಾರದು. ಕೈ ಒಂದಿಷ್ಟು ಭಾರವಾದರೆ ಹಾಳು. ಗೀರು ಸುತ್ತು ಬಂದು ಹೊರಟಲ್ಲಿಗೇ ಸೇರಿದ ಮೇಲೆ ಒಳಗಿನ ಪೊರೆಯನ್ನು ಉಗುರಿನಿಂದ ಎಬ್ಬಿಸಿ ಹಲಸಿನ ಹಪ್ಪಳ ಬಿಡಿಸಿದ ಹಾಗೆ ನಿಧಾನಕ್ಕೆ ಸುಲಿಯುವುದು. ಸುಲಿದ ಜಾಗದಲ್ಲಿ ಬೆಳಕು ಹಾಯುತ್ತದೆ, ಅಲ್ಲಿ ಬಣ್ಣ ಬೀಳುತ್ತದೆ.

ಗೀರು ಎಲ್ಲಿಯೂ ತೆರೆದಿರಬಾರದು ಎಂಬುದು ಈ ಕೆಲಸದ ಮೊದಲ ನಿಯಮ. ಒಂದು ಕೂದಲೆಳೆಯಷ್ಟು ತೆರೆದರೂ ಪೊರೆ ಅಲ್ಲಿಂದ ಹರಿದುಕೊಂಡು ಹೋಗುತ್ತದೆ.

ಮೊದಲ ಪೆಟ್ಟು ಬಿದ್ದದ್ದು ಮೂಲ ನಕ್ಷೆಗಳಿಂದಲೇ. ಅವನ್ನು ನಮ್ಮ ಜಿದ್ದಾ ಶಾಖೆಯಲ್ಲಿ ಟ್ರೇಸಿಂಗ್ ಕಾಗದದ ಮೇಲೆ ಬರೆದು ಕಳಿಸಿದ್ದರು. ಜಿದ್ದಾ ಸಮುದ್ರದ ದಡ, ಗಾಳಿಯಲ್ಲಿ ನೀರಿನ ಪಸೆ. ರಿಯಾದಿನ ಗಾಳಿಯಲ್ಲಿ ತುಟಿ ಒಡೆಯುತ್ತದೆ. ಬಂದ ವಾರದೊಳಗೆ ಕಾಗದ ಕುಗ್ಗಿತು. ನಾನು ಎರಡು ಹಾಳೆಗಳಿಗೆ ಗೀರು ಹಾಕಿ, ಸುಲಿದು, ಎಲ್ಲವನ್ನೂ ಒಂದರ ಮೇಲೊಂದು ಪಿನ್ನಿಗೆ ಸಿಕ್ಕಿಸಿ ನೋಡಿದರೆ ಕ್ಯಾಸ್ಪಿಯನ್ ಸಮುದ್ರದ ದಡದಲ್ಲಿ ಬಣ್ಣ ಮೂರು ಮಿಲಿಮೀಟರು ನೀರಿಗಿಳಿದಿತ್ತು. ನನ್ನ ಕೈತಪ್ಪೆಂದೇ ತಿಳಿದು ಒಂದಿಡೀ ದಿನ ಹುಡುಕಿದೆ. ಸ್ಕೇಲು ಇಟ್ಟು ಅಳೆದಾಗ ಗೊತ್ತಾಯಿತು, ಜಿದ್ದಾದಲ್ಲಿ ಬರೆದ ಚೌಕಟ್ಟಿನ ಉದ್ದವೇ ಕಡಿಮೆಯಾಗಿದೆ.

ಐದೂ ಮೂಲ ನಕ್ಷೆಗಳನ್ನು ಮತ್ತೆ ಕುಗ್ಗದ ಪಾಲಿಯೆಸ್ಟರ್ ಫಿಲ್ಮಿನ ಮೇಲೆ ಬರೆಯಬೇಕಾಯಿತು. ಪೆನ್ನಿನ ಶಾಯಿ ನಿಮಿಷದಲ್ಲಿ ಮೊನೆಯಲ್ಲೇ ಒಣಗುತ್ತಿತ್ತು; ಒದ್ದೆ ಸ್ಪಂಜು ಇಟ್ಟ ಡಬ್ಬಿಯಲ್ಲಿ ಪೆನ್ನುಗಳನ್ನು ತಲೆಕೆಳಗಾಗಿ ನಿಲ್ಲಿಸಿ, ನಾಲ್ಕು ಗೆರೆಗೊಮ್ಮೆ ಬದಲಾಯಿಸುತ್ತ ಬರೆದೆ. ಹನ್ನೊಂದು ದಿನ ಹೋಯಿತು. ಮ್ಯಾನೇಜರ್ ದಿನಕ್ಕೆ ಐದಾರು ಸಲ ಬಂದು ಕುರ್ಚಿಯ ಬೆನ್ನು ಬಡಿದು ಹೋಗುತ್ತಿದ್ದರು, ಅಷ್ಟೇ. ಅವರು ಬಾರದ ಹೊತ್ತಿನಲ್ಲೂ ನನಗೆ ಆ ಸದ್ದು ಕೇಳಿಸತೊಡಗಿತು. ಕೂತಲ್ಲಿ ಕೂರಲಾಗದೆ ಎದ್ದು ಕಿಟಕಿಯ ತನಕ ಹೋಗಿ ಬರುತ್ತಿದ್ದೆ. ಕಿಟಕಿಯಾಚೆ ಧೂಳು ಹಿಡಿದ ಬೇವಿನ ಮರ, ಅದರಡಿ ಯಾರದೋ ಕಾರು. ಮತ್ತೆ ಬಂದು ಕೂರುವುದು.

ಆ ದಿನಗಳಲ್ಲೇ ಪ್ರೊಫೆಸರ್ ಬರತೊಡಗಿದರು. ಸುಡಾನಿನವರು, ಚರಿತ್ರೆ ಕಲಿಸಿ ನಿವೃತ್ತರಾದವರು. ನಕ್ಷೆಗಳ ವಿಷಯ ಸರಿಯಿದೆಯೇ ಎಂದು ನೋಡುವುದಕ್ಕೆ ಅವರನ್ನು ನೇಮಿಸಿದ್ದರು. ಎತ್ತರದ ಆಳು, ಬಿಳಿ ಮುಂಡಾಸು, ಮೆಲ್ಲನೆ ಇಂಗ್ಲಿಷ್. ನಾನು ಗೀರು ಹಾಕುವುದನ್ನು ನೋಡುತ್ತ ಕೂತು, ಸಕ್ಕರೆ ಇಲ್ಲದ ಚಹಾ ಕುಡಿಯುತ್ತ, ಕೇಳದಿದ್ದರೂ ಹೇಳುತ್ತಿದ್ದರು. ಮೊದಮೊದಲು ನನಗೆ ಕಿರಿಕಿರಿ. ನನಗೆ ಬೇಕಾದದ್ದು ಗೆರೆ ಎಲ್ಲಿ ಎಂಬ ಉತ್ತರ ಮಾತ್ರ.

ಒಂದು ದಿನ ಅವರು ಬೆಂಕಿಪೆಟ್ಟಿಗೆ ತೆರೆದು ಒಟ್ಟೋಮನ್ ಹಾಳೆಯ ಮೇಲೆ ಕಡ್ಡಿಗಳನ್ನು ಸಾಲಾಗಿ ಇಟ್ಟರು, ಇಸ್ತಾಂಬುಲಿನಿಂದ ವಾಯವ್ಯಕ್ಕೆ.

"ಸೈನ್ಯ ಹೊರಡುವುದು ಹುಲ್ಲು ಚಿಗುರಿದ ಮೇಲೆ. ಯಾಕೆ ಹೇಳು?"

"ಕುದುರೆಗಳಿಗೆ ಮೇವು ಬೇಕಲ್ಲ ಸರ್."

"ಸರಿ. ಚಳಿ ಬೀಳುವ ಮುಂಚೆ ಮರಳಬೇಕು. ಫಿರಂಗಿ ಎಳೆಯುವ ಎತ್ತು ದಿನಕ್ಕೆ ಎಷ್ಟು ದೂರ ನಡೆದೀತು? ಒಂದು ಕಡ್ಡಿ ಒಂದು ವಾರ ಎಂದಿಟ್ಟುಕೋ. ಹೋಗುವುದಕ್ಕೆ ಇಷ್ಟು ಕಡ್ಡಿ, ಬರುವುದಕ್ಕೆ ಇಷ್ಟು. ಮುತ್ತಿಗೆಗೆ ಉಳಿಯುವುದು ಈ ನಾಲ್ಕು." ಹೋಗುವ ಸಾಲಿನ ಕೊನೆಯ ಕಡ್ಡಿಯ ತುದಿ ವಿಯೆನ್ನಾದ ಹತ್ತಿರ ನಿಂತಿತು. "ಸುಲ್ತಾನನ ಆಸೆ ಇದಕ್ಕಿಂತ ಮುಂದೆ ಹೋಗಿತ್ತು. ಎತ್ತು ಹೋಗಲಿಲ್ಲ."

ಇನ್ನೊಂದು ದಿನ ರಷ್ಯಾ. ನದಿಯಿಂದ ನದಿಗೆ ದೋಣಿ ಹೊತ್ತು ದಾಟುವ ಕಡೆ ಮರದ ಒಂದು ಕೋಟೆ, ಅಲ್ಲಿಂದ ಸುತ್ತಲ ಕಾಡಿನವರ ಹತ್ತಿರ ತುಪ್ಪುಳದ ತೊಗಲಿನ ಕಪ್ಪ, ಕಪ್ಪ ಸಿಕ್ಕಿದ ಮೇಲೆ ಮುಂದಿನ ನದಿ. ಕೋಟೆಗಳ ನಡುವೆ ನೂರಾರು ಮೈಲಿ ಯಾರೂ ಇಲ್ಲ. ಮೊಘಲರು ಹೊಸ ನೆಲಕ್ಕೆ ಬಂದರೆ ಮೊದಲು ಅಲ್ಲಿನ ದೊರೆಯನ್ನು ಓಡಿಸುತ್ತಿರಲಿಲ್ಲ; ಹುದ್ದೆ ಕೊಟ್ಟು, ಹೆಣ್ಣು ತಂದು, ಅವನ ಊರನ್ನು ಅವನಿಗೇ ಜಹಗೀರಾಗಿ ಬರೆದುಕೊಡುತ್ತಿದ್ದರು. ಆಮೇಲೆ ಬರುವವರು ಅಳತೆಯವರು. ಹಗ್ಗ ಒದ್ದೆಯಾದರೆ ಕುಗ್ಗುತ್ತದೆಂದು ಬಿದಿರಿನ ತುಂಡುಗಳನ್ನು ಕಬ್ಬಿಣದ ಬಳೆಯಿಂದ ಜೋಡಿಸಿ ಹೊಲ ಅಳೆಯುತ್ತಿದ್ದರಂತೆ. ಅದನ್ನು ಕೇಳಿ ನಾನು ಬ್ಲೇಡು ಕೆಳಗಿಟ್ಟೆ. ಕುಗ್ಗಿದ ಕಾಗದದಿಂದ ಹನ್ನೊಂದು ದಿನ ಕಳೆದುಕೊಂಡವನಿಗೆ ಆ ಬಿದಿರು ಹಿಡಿದವರ ಕಷ್ಟ ತಕ್ಷಣ ಅರ್ಥವಾಯಿತು. ಅವತ್ತಿನಿಂದ ನಾನೂ ಅವರನ್ನು ಕೇಳತೊಡಗಿದೆ.

ಮೂರು ವಾರ ಉಳಿದಿರುವಾಗ ಐದೂ ಹಾಳೆಗಳ ಸುಲಿಯುವ ಕೆಲಸ ಮುಗಿಯಿತು. ಪ್ರೊಫೆಸರ್ ಒಟ್ಟೋಮನ್ ಹಾಳೆಯನ್ನು ಬೆಳಕಿನ ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ಅರೇಬಿಯಾದ ನಡುವಿನ ಮರಳಿನಲ್ಲಿ ನಾನು ಎಳೆದ ಗೀರಿನ ಮೇಲೆ ಬೆರಳಿಟ್ಟು ಕೇಳಿದರು.

"ಇಲ್ಲಿ ಯಾರು ನಿಂತಿದ್ದರು?"

"ಅರ್ಥವಾಗಲಿಲ್ಲ ಸರ್."

"ಈ ಗೆರೆಯ ಈಚೆ ಸುಲ್ತಾನನ ನೆಲ, ಆಚೆ ಅಲ್ಲ ಅಂತ ತೋರಿಸಿದ್ದೀಯ. ಹಾಗೆ ಹೇಳುವುದಕ್ಕೆ ಇಲ್ಲಿ ಯಾರಾದರೂ ನಿಂತಿರಬೇಕಲ್ಲ. ಕೋಟೆ? ಕಾವಲುಗಾರ? ಒಂದು ಬಾವಿ?"

ಅಟ್ಲಾಸುಗಳನ್ನು ತೆರೆದೆ. ಮೂರರಲ್ಲಿ ಮೂರು ಥರ. ಒಂದರಲ್ಲಿ ಗಟ್ಟಿ ಗೆರೆ, ಒಂದರಲ್ಲಿ ಚುಕ್ಕಿಗೆರೆ, ಒಂದರಲ್ಲಿ ಗೆರೆಯೇ ಇಲ್ಲ. ನಾನು ಎರಡರ ನಡುವೆ ಹಾಯುವ ಹಾಗೆ ಒಂದನ್ನು ಎಳೆದಿದ್ದೆ.

"ಯಾರೂ ನಿಂತಿರಲಿಲ್ಲ ಸರ್. ಗೀರು ಮುಚ್ಚದಿದ್ದರೆ ಪೊರೆ ಸುಲಿಯುವುದಿಲ್ಲ. ಅದಕ್ಕೆ ಎಳೆದೆ."

ಅವರು ನಗಲಿಲ್ಲ, ಬೈಯಲೂ ಇಲ್ಲ. "ಪ್ರಾಮಾಣಿಕ ಉತ್ತರ" ಎಂದು ಚಹಾದ ಲೋಟ ಎತ್ತಿಕೊಂಡರು. ಆಮೇಲೆ ಮ್ಯಾನೇಜರರ ಕೋಣೆಗೆ ಹೋಗಿ ಹತ್ತು ನಿಮಿಷದಲ್ಲಿ ಹೊರಬಂದು ಹೊರಟುಹೋದರು. ಹಿಂದೆಯೇ ಮ್ಯಾನೇಜರ್ ನನ್ನ ಬಳಿ ಬಂದರು. "ಅವರು ಹೇಳುವುದನ್ನು ಕೇಳು, ತಲೆ ಅಲ್ಲಾಡಿಸು. ಹಾಳೆಗಳನ್ನು ಮಾತ್ರ ಮುಟ್ಟಬೇಡ. ಯಲ್ಲಾ, ಕ್ಯಾಮೆರಾಗೆ ಕಳಿಸು."

ಕ್ಯಾಮೆರಾ ಕೋಣೆಯಲ್ಲಿದ್ದವರು ಬಂಟ್ವಾಳದ ಕಡೆಯ ಬ್ಯಾರಿ, ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಅವರನ್ನು ಕಾಕ ಎಂದೇ ಕರೆಯುತ್ತಿದ್ದದ್ದು. ನಾವು ಮಾತಾಡಿಕೊಳ್ಳುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾಕ ನನ್ನ ಫಿಲ್ಮುಗಳಿಂದ ಬಣ್ಣದ ಮಾದರಿ ಪ್ರತಿ ತೆಗೆದು, ಒಣಗಲು ತಂತಿಗೆ ಕ್ಲಿಪ್ಪು ಹಾಕಿ ತೂಗಿಸಿದರು. ಮೊಘಲ್ ಹಾಳೆಯ ಮುಂದೆ ನಿಂತು ಕನ್ನಡಕ ಹಣೆಗೇರಿಸಿದರು.

"ಇದೆಂತ ಮಾರಾಯ? ನಮ್ಮ ಬಂಟ್ವಾಳ ಹಸಿರು ಮಾಡಿದ್ದೀಯಲ್ಲ. ಮೊಘಲರು ನಮ್ಮಲ್ಲಿಗೆ ಬಂದದ್ದು ಯಾವಾಗ?"

ಹೋಗಿ ನೋಡಿದೆ. ತಿಳಿ ಹಸಿರು ಘಟ್ಟ ಇಳಿದು, ಬಂಟ್ವಾಳ, ಮಂಗಳೂರು, ಮೂಲ್ಕಿ ಎಲ್ಲವನ್ನೂ ಹೊದೆಸಿ ಸಮುದ್ರಕ್ಕೆ ತಾಗಿತ್ತು.

"ಬಂದಿಲ್ಲ ಕಾಕ. ಆಗ ನಮ್ಮದು ಕೆಳದಿಯವರ ಕೈಯಲ್ಲಿತ್ತು. ಕೆಳದಿಯ ರಾಣಿ ಮೊಘಲರ ಸೈನ್ಯವನ್ನು ತಡೆದದ್ದು ಶಾಲೆಯಲ್ಲಿ ಓದಿದ್ದೆ."

"ಮತ್ತೆ?"

"ದಕ್ಷಿಣಕ್ಕೆ ಗೆರೆ ಎಲ್ಲಿಗೆ ಅಂತ ಸರಿಯಾಗಿ ಸಿಗಲಿಲ್ಲ. ಮುಚ್ಚಬೇಕಿತ್ತು. ಸಮುದ್ರಕ್ಕೆ ಸೇರಿಸಿಬಿಟ್ಟೆ."

"ಸುಮ್ಮನೆ?"

"ಸುಮ್ಮನೆ."

ಕಾಕ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೊಘಲರ ಕೈಯಲ್ಲಿ ಆಗದ್ದನ್ನು ನೀನು ಒಂದು ಮಧ್ಯಾಹ್ನದಲ್ಲಿ ಗೆದ್ದುಬಿಟ್ಟೆಯಲ್ಲ!"

ನಾನೂ ನಗಲು ನೋಡಿದೆ. ಆಗಲಿಲ್ಲ. ನನ್ನ ಊರನ್ನು, ನಾನು ಓದಿದ ಕಥೆಯನ್ನು, ನನ್ನದೇ ಬ್ಲೇಡಿನಿಂದ ಸುಳ್ಳು ಮಾಡಿದ್ದೆ. ಮಾಡುವಾಗ ಗೊತ್ತೂ ಆಗಿರಲಿಲ್ಲ. ನನಗೆ ಗೊತ್ತಿದ್ದ ಒಂದೇ ಒಂದು ಮೂಲೆಯಲ್ಲಿ ಹೀಗಾಗಿದ್ದರೆ ಗೊತ್ತಿಲ್ಲದ ಮೂಲೆಗಳಲ್ಲಿ ಏನಾಗಿದೆಯೋ? ಸೈಬೀರಿಯಾದ ಕಾಡಿನಲ್ಲಿ, ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ನಾನು ಎಷ್ಟು ಜನರ ಬಂಟ್ವಾಳವನ್ನು ಹೀಗೆ ಬಳಿದುಬಿಟ್ಟಿದ್ದೇನೆ?

ಎರಡು ದಿನ ಊಟ ಸೇರಲಿಲ್ಲ. ನಾನು ವಾಸವಿದ್ದ ಕೋಣೆಯವರು ಜ್ವರವೇ ಎಂದು ಕೇಳಿದರು. ಕಚೇರಿಯಲ್ಲಿ ತೂಗುತ್ತಿದ್ದ ಹಾಳೆಗಳ ಮುಂದೆ ಹೋಗಿ ನಿಲ್ಲುವುದು, ಮೇಜಿಗೆ ಮರಳುವುದು, ಡ್ರಾಯರಿನ ಕಡೆ ನೋಡುವುದು. ಮೂರನೆಯ ದಿನ ಮ್ಯಾನೇಜರ್ ಒಪ್ಪಿಗೆಯ ಕಾಗದ ತಂದಿಟ್ಟರು. ಕೆಳಗೆ, ಪರಿಶೀಲಿಸಿದವರು ಎಂಬಲ್ಲಿ ನನ್ನ ಸಹಿ ಬೇಕು. ಅದಾದರೆ ಮಾರನೆಯ ದಿನವೇ ಅಚ್ಚಿನ ಪ್ಲೇಟು.

"ಸರ್, ಇದಕ್ಕೆ ನಾನು ಸಹಿ ಹಾಕಲಾರೆ" ಎಂದೆ.

"ಯಾಕೆ?"

"ಹೊರಗಿನ ಗೆರೆಗಳು ನಾನು ಕಟ್ಟಿದ್ದು. ಅಲ್ಲಿ ಗೆರೆ ಇರಲಿಲ್ಲ."

"ನಿನ್ನ ಕೆಲಸ ಬರೆಯುವುದು. ಚರಿತ್ರೆ ಅಲ್ಲ."

"ಬರೆದದ್ದೇ ತಪ್ಪಾಗಿದೆ ಸರ್. ಚರಿತ್ರೆ ಗೊತ್ತಿಲ್ಲದ ಕಾಕನೇ ಕಂಡುಹಿಡಿದರು. ನಾಳೆ ಯಾವನೋ ಮೇಷ್ಟ್ರು ಕಂಡುಹಿಡಿದರೆ ಅಚ್ಚಾದ ಹಾಳೆಗಳನ್ನೆಲ್ಲ ನಾವೇ ವಾಪಸು ತರಬೇಕು."

ಅವರು ನನ್ನನ್ನೇ ನೋಡಿದರು. ನನ್ನ ಜಾಗಕ್ಕೆ ಹತ್ತು ಡ್ರಾಫ್ಟ್ಸ್‌ಮನ್ನುಗಳು ಸಿಗುತ್ತಾರೆ ಎಂದರು. ನಿನ್ನ ಕಾಗದ ನನ್ನ ಡ್ರಾಯರಿನಲ್ಲಿದೆ, ಗೊತ್ತಿದೆಯಲ್ಲ ಎಂದರು. ಗೊತ್ತಿದೆ ಎಂದೆ. ಕೊನೆಗೆ, "ಗೆರೆ ಇಲ್ಲದೆ ಬಣ್ಣ ಹೇಗೆ ನಿಲ್ಲಿಸುತ್ತೀ? ತೋರಿಸು. ಆರು ದಿನ. ಏಳನೆಯ ದಿನ ಬೇರೆಯವರ ಸಹಿ ಇರುತ್ತದೆ, ಬೇರೆಯವರ ಕುರ್ಚಿಯೂ" ಎಂದು ಹೋದರು.

ಹೇಗೆ ನಿಲ್ಲಿಸುವುದೆಂದು ನನಗೂ ಗೊತ್ತಿರಲಿಲ್ಲ.

ಮಧ್ಯಾಹ್ನದ ನಮಾಜು ಮುಗಿಸಿ ಬಂದ ಕಾಕನಿಗೆ ಎಲ್ಲ ಹೇಳಿದೆ. ಅವರು ಮೊದಲು ಬೈದರು. "ನಿನಗೆ ತಲೆ ಸಮ ಉಂಟಾ? ನನ್ನ ಇಕಾಮಾಕ್ಕೆ ಇನ್ನೂ ಎರಡು ವರ್ಷ ಉಂಟು. ನಿನ್ನದು?" ಆಮೇಲೆ ಸ್ಟೂಲು ಎಳೆದು ಕೂತರು. "ನಿನಗೆ ಬೇಕಾದ್ದು ಎಂತ? ಬಣ್ಣ ಹೋಗ್ತಾ ಹೋಗ್ತಾ ತೆಳ್ಳಗಾಗಿ, ಎಲ್ಲಿ ಮುಗಿಯಿತು ಅಂತ ಗೊತ್ತಾಗಬಾರದು. ಅಷ್ಟೇ ಅಲ್ವಾ?"

"ಅಷ್ಟೇ."

"ಅದನ್ನು ನಾನು ಸಾವಿರ ಸಲ ಮಾಡಿದ್ದೇನೆ ಮಾರಾಯ. ಮದುಮಗಳಿಗೆ."

ಕಾಕ ಗಲ್ಫಿಗೆ ಬರುವ ಮೊದಲು ಮಂಗಳೂರಿನ ಒಂದು ಸ್ಟುಡಿಯೋದಲ್ಲಿದ್ದರು. ಹಳೆಯ ಕಪ್ಪುಬಿಳುಪು ಫೋಟೋಗಳಲ್ಲಿ ಮದುಮಗಳ ಮುಖದ ಸುತ್ತ ಎಲ್ಲವೂ ಮೋಡದ ಹಾಗೆ ಬಿಳುಪಿಗೆ ಕರಗಿ ಹೋಗಿರುತ್ತದಲ್ಲ, ಅದನ್ನು ರಟ್ಟಿನಲ್ಲಿ ಮಾಡುತ್ತಿದ್ದರಂತೆ. ರಟ್ಟಿನ ನಡುವೆ ತೂತು ತೆಗೆದು, ಅಂಚನ್ನು ಗರಗಸದ ಹಲ್ಲಿನ ಹಾಗೆ ಕತ್ತರಿಸಿ, ದೀಪಕ್ಕೂ ಕಾಗದಕ್ಕೂ ನಡುವೆ ಹಿಡಿದು ಬೆಳಕು ಬೀಳುವಷ್ಟು ಹೊತ್ತೂ ಅಲುಗಾಡಿಸುವುದು. ಅಂಚು ಒಂದು ಕಡೆ ನಿಲ್ಲದ್ದರಿಂದ ಅಲ್ಲಿ ಬೆಳಕು ಒಂದಿಷ್ಟು ಬೀಳುತ್ತದೆ, ಒಂದಿಷ್ಟು ಬೀಳುವುದಿಲ್ಲ. ನಮ್ಮ ಕೋಣೆಯಲ್ಲಿ ಬಣ್ಣವನ್ನು ಸಣ್ಣ ಚುಕ್ಕಿಗಳಾಗಿ ಒಡೆಯುವ ಜಾಲರಿ ಫಿಲ್ಮ್ ಇತ್ತು. ಬೆಳಕು ಹೆಚ್ಚು ಬಿದ್ದಲ್ಲಿ ಚುಕ್ಕಿ ದೊಡ್ಡದು, ಕಡಿಮೆ ಬಿದ್ದಲ್ಲಿ ಸಣ್ಣದು, ಬೀಳದಲ್ಲಿ ಇಲ್ಲ. ಎರಡನ್ನೂ ಕೂಡಿಸಿದರೆ ಬಣ್ಣ ತಾನಾಗಿ ಕರಗಬೇಕು.

ಮೊದಲ ಪ್ರಯತ್ನದಲ್ಲಿ ಕರಗಿತು, ಆದರೆ ಸುತ್ತ ಒಂದೇ ಸಮ. ಸಾಮ್ರಾಜ್ಯದ ಸುತ್ತ ದೇವರ ಫೋಟೋದ ಪ್ರಭಾವಳಿ ಇಟ್ಟ ಹಾಗಿತ್ತು. ಪ್ರೊಫೆಸರ್ ಬಂದಿದ್ದರು, ತಲೆ ಅಲ್ಲಾಡಿಸಿದರು. "ಎಲ್ಲ ಕಡೆಯೂ ಹೀಗಲ್ಲ. ಕೆಲವು ಕಡೆ ನಿಜವಾಗಿಯೂ ಗೋಡೆ ಇತ್ತು." ನಾನೂ ಅವರೂ ಕೂತು ಒಂದೊಂದು ಹಾಳೆಯ ಅಂಚನ್ನೂ ಮೂರು ಬಗೆ ಮಾಡಿದೆವು. ಕೋಟೆಯಲ್ಲಿ ಸೈನ್ಯ ಕೂತು, ಅಳತೆಯವರು ಬಂದು, ಕಂದಾಯ ಎತ್ತಿದಲ್ಲಿ ಚೂಪು ಅಂಚು. ಅಲ್ಲಿನ ದೊರೆ ಕಪ್ಪ ಕೊಟ್ಟು ತನ್ನ ಪಾಡಿಗೆ ಆಳಿಕೊಂಡಿದ್ದಲ್ಲಿ ಒಂದು ಬೆರಳಿನಗಲ ಕರಗಬೇಕು. ಸೈನ್ಯ ಒಮ್ಮೆ ಹಾದುಹೋದಲ್ಲಿ, ಬರೀ ಹೆಸರು ಮಾತ್ರ ತಲುಪಿದಲ್ಲಿ ಅಂಗೈಯಗಲ. ಘಟ್ಟದ ಮೇಲೆ ಮೊಘಲರ ಹಸಿರು ಕರಗಿ ನಿಲ್ಲಬೇಕೆಂದು ನಾನು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಪ್ರೊಫೆಸರ್ ಯಾಕೆಂದು ಕೇಳಿದರು, ಕೆಳದಿಯ ಕಥೆ ಹೇಳಿದೆ. ಅವರು ತಮ್ಮ ಪುಸ್ತಕಗಳಲ್ಲಿ ನೋಡಿ ಬಂದು ಮಾರನೆಯ ದಿನ ನನ್ನ ಪೆನ್ಸಿಲ್ ಗುರುತಿನ ಪಕ್ಕ ಶಾಯಿಯಲ್ಲಿ ಸರಿ ಹಾಕಿದರು.

ಎರಡನೆಯ ಪೆಟ್ಟು ನೀರಿನದು. ಫಿಲ್ಮ್ ತೊಳೆಯುವ ರಾಸಾಯನಿಕ ತಣ್ಣಗಿರಬೇಕು, ಇಪ್ಪತ್ತು ಡಿಗ್ರಿ. ಎಂದಿನ ಕೆಲಸಕ್ಕೆ ಎರಡು ಡಿಗ್ರಿ ಹೆಚ್ಚಾದರೂ ನಡೆಯುತ್ತಿತ್ತು. ಕರಗುವ ಅಂಚಿನ ಸಣ್ಣ ಚುಕ್ಕಿಗಳಿಗೆ ನಡೆಯಲಿಲ್ಲ. ತಾರಸಿಯ ಮೇಲಿನ ಟ್ಯಾಂಕಿನಿಂದ ಬರುವ ನೀರಿಗೆ ಕೈ ಹಿಡಿದರೆ ಸುಡುತ್ತಿತ್ತು. ಚುಕ್ಕಿಗಳೆಲ್ಲ ಊದಿಕೊಂಡು ಒಂದಕ್ಕೊಂದು ಸೇರಿ ಮತ್ತೆ ಗೋಡೆ. ನಾನು ಟ್ಯಾಕ್ಸಿ ಹಿಡಿದು ಮೀನು ಮಾರುವವರ ಹತ್ತಿರ ಹೋಗಿ ಎರಡು ಗೋಣಿ ಮಂಜುಗಡ್ಡೆ ತಂದೆ. ತಟ್ಟೆಯನ್ನು ಮಂಜುಗಡ್ಡೆಯ ತೊಟ್ಟಿಯೊಳಗಿಟ್ಟು, ಥರ್ಮಾಮೀಟರು ನೋಡುತ್ತ ಕೂತೆ. ಪಾದರಸ ಕೆಳಗಿಳಿದರೆ ಗಡ್ಡೆ ತೆಗೆ, ಏರಿದರೆ ಹಾಕು. ಕೋಣೆಯೆಲ್ಲ ಮೀನಿನ ವಾಸನೆ. ಕಾಕ ಕೆಂಪು ಬೆಳಕಿನಲ್ಲಿ ರಟ್ಟು ಅಲುಗಿಸುತ್ತ, "ಮಂಗಳೂರಿನ ಮೀನಿನ ಧಕ್ಕೆಯಲ್ಲಿ ನಿಂತ ಹಾಗೆ ಆಗುತ್ತದೆ" ಎಂದರು.

ನಾಲ್ಕನೆಯ ದಿನ ಮರಳು ಗಾಳಿ. ಬಾಗಿಲ ಸಂದಿಗೆ ಒದ್ದೆ ಟವೆಲ್ಲು ತುರುಕಿದರೂ ಧೂಳು ಒಳಗೆ ಬಂತು. ಫಿಲ್ಮಿನ ಮೇಲೆ ಒಂದು ಕಣ ಕೂತರೆ ಅಲ್ಲಿ ಸೂಜಿಮೊನೆಯಷ್ಟು ತೂತು. ಚೀನಾದ ಹಾಳೆಯಲ್ಲಿ ಅಂಥವು ಇನ್ನೂರಕ್ಕೂ ಹೆಚ್ಚು ಇದ್ದವು. ಇಡೀ ದಿನ ಭೂತಗನ್ನಡಿ ಹಿಡಿದು ಒಂದೊಂದನ್ನೇ ಕುಂಚದಿಂದ ಮುಚ್ಚಿದೆ. ಕತ್ತು ತಿರುಗಿಸಲು ಆಗುತ್ತಿರಲಿಲ್ಲ. ಕಾಕನ ಕೈಗಳು ರಟ್ಟು ಅಲುಗಿಸಿ ಅಲುಗಿಸಿ ನಡುಗುತ್ತಿದ್ದವು. ಊಟದ ಹೊತ್ತಿಗೆ ತುತ್ತು ಎತ್ತುವಾಗ ಅನ್ನ ಚೆಲ್ಲಿತು. "ನೋಡು, ಕೈ ಇನ್ನೂ ಮದುಮಗಳ ಫೋಟೋ ತೆಗೆಯುತ್ತಾ ಉಂಟು" ಎಂದು ಅವರೇ ನಕ್ಕರು.

ಆರನೆಯ ದಿನ ಮಧ್ಯಾಹ್ನ ಐದು ಹಾಳೆಗಳೂ ತಂತಿಯ ಮೇಲಿದ್ದವು. ಮ್ಯಾನೇಜರ್ ಬಂದರು. ರಷ್ಯಾದ ಹಾಳೆಯ ಮುಂದೆ ನಿಂತು, ಗಾಢ ಬಣ್ಣದಿಂದ ಪೂರ್ವಕ್ಕೆ ಬೆರಳು ಸರಿಸುತ್ತ ಹೋದರು. ಕೋಟೆಗಳ ಸಾಲಿನ ಸುತ್ತ ಬಣ್ಣ ಇತ್ತು, ನಡುವೆ ತೆಳುವಾಗುತ್ತಿತ್ತು, ಮತ್ತೆ ಇತ್ತು. ಬೆರಳು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಹಾಳೆಯ ಅಂಚಿನ ತನಕ ಹೋಯಿತು. ಅವರು ಕೈ ಹಿಂದಕ್ಕೆ ತೆಗೆದುಕೊಂಡು, "ಅಚ್ಚಿನಲ್ಲಿ ಹೀಗೇ ಬರುತ್ತದೆಯೇ?" ಎಂದು ಕಾಕನನ್ನು ಕೇಳಿದರು. ಬರುತ್ತದೆ ಎಂದರು ಕಾಕ. ನಾನು ಸಹಿ ಹಾಕಿದೆ.

ಆದರೆ ಅದು ಕೊನೆಯಾಗಿರಲಿಲ್ಲ. ಶಾಲೆಗಳ ಪರವಾಗಿ ಹಾಳೆಗಳನ್ನು ಒಪ್ಪಬೇಕಾದ ನಾಲ್ವರ ಒಂದು ಸಮಿತಿ ಇತ್ತು. ಮ್ಯಾನೇಜರ್, ಪ್ರೊಫೆಸರ್, ಹಾಳೆ ಎತ್ತಿ ಹಿಡಿಯಲು ನಾನು ಹೋದೆವು. ಚೀನಾ, ರಷ್ಯಾ, ಸಫವಿ, ಮೊಘಲ್ ನಾಲ್ಕೂ ಅರ್ಧ ಗಂಟೆಯಲ್ಲಿ ಒಪ್ಪಿಗೆಯಾದವು. ಒಟ್ಟೋಮನ್ ಹಾಳೆ ಎತ್ತಿದಾಗ ಕುರ್ಚಿಗಳು ಮುಂದೆ ಸರಿದವು. ಅಲ್ಲಿದ್ದವರಿಗೆ ಅದು ತಮ್ಮ ಊರು. ಕಿರಿಯ ಸದಸ್ಯರೊಬ್ಬರು ಅರೇಬಿಯಾದ ನಡುಭಾಗ ತೋರಿಸಿ ಕೇಳಿದರು, "ಇಲ್ಲಿ ಬಣ್ಣ ಇದೆಯೋ, ಇಲ್ಲವೋ? ಮಕ್ಕಳು ಕೇಳಿದರೆ ಏನು ಹೇಳಬೇಕು?"

ಪ್ರೊಫೆಸರ್ ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿ ಕೂತಿದ್ದ ಎಲ್ಲರಿಗಿಂತ ಹಿರಿಯರು ಮಾತಾಡಿದರು. ನಿಧಾನದ ಅರಬಿ, ನನಗೂ ಅರ್ಥವಾಗುವಷ್ಟು ಸರಳ.

"ನನ್ನ ಅಜ್ಜನಿಗೆ ಇನ್ನೂರು ಒಂಟೆ. ಸುಲ್ತಾನನ ಕಡೆಯವರು ಬಂದರೆ ಉಡುಗೊರೆ ತೆಗೆದುಕೊಳ್ಳುತ್ತಿದ್ದ. ಇಲ್ಲಿನ ಅಮೀರನ ಕಡೆಯವರು ಬಂದರೆ ಒಂಟೆ ಕೊಡುತ್ತಿದ್ದ. ಇಬ್ಬರೂ ಹೋದ ಮೇಲೆ ಡೇರೆ ಕಿತ್ತು ಮಳೆ ಬಿದ್ದ ಕಡೆಗೆ ನಡೆಯುತ್ತಿದ್ದ. ಅವನಿಗೆ ಯಾವ ಬಣ್ಣ ಕೊಡುತ್ತೀರಿ? ಈ ಹಿಂದಿ ಕೊಟ್ಟದ್ದೇ ಸರಿಯಾಗಿದೆ."

ಹಿಂದಿ ಎಂದರೆ ಅರಬಿಯಲ್ಲಿ ಭಾರತದವನು, ಅಂದರೆ ನಾನು. ಹಾಳೆ ಹಿಡಿದ ಕೈ ನೋಯುತ್ತಿದ್ದದ್ದು ಮರೆತುಹೋಯಿತು.

ಅಧ್ಯಕ್ಷರು ಹಿರಿಯರ ಮಾತಿಗೆ ಗೌರವದಿಂದ ತಲೆಬಾಗಿದರು. ಆಮೇಲೆ ಮ್ಯಾನೇಜರರ ಕಡೆ ತಿರುಗಿ, ಬಣ್ಣಗಳ ಅರ್ಥ ಬರೆದಿರುವ ಪಟ್ಟಿಯ ಚೌಕ ಈಗ ಹಾಳೆಯ ಎಡ ಮೂಲೆಯಲ್ಲಿದೆ, ಅದನ್ನು ಸ್ವಲ್ಪ ದೊಡ್ಡದು ಮಾಡಿ ಈ ಜಾಗಕ್ಕೆ ತರಬಹುದಲ್ಲವೇ ಎಂದು ಕೇಳಿದರು. ಈ ಜಾಗ ಎಂದರೆ ಅರೇಬಿಯಾದ ನಡುಭಾಗ. ಆಗ ಯಾವ ಮಗುವೂ ಏನೂ ಕೇಳುವುದಿಲ್ಲ. "ಖಂಡಿತ" ಎಂದರು ಮ್ಯಾನೇಜರ್. ಹಿರಿಯರು ಹೊರಗೆ ನೋಡುತ್ತ ಕೂತರು. ಪ್ರೊಫೆಸರ್ ಪೆನ್ನಿನ ಮುಚ್ಚಳ ಹಾಕಿದರು.

ಆ ಮಧ್ಯಾಹ್ನವೇ ನಾನು ಚೌಕ ಕತ್ತರಿಸಿ ಅಂಟಿಸಿದೆ. ನಾನು ಬೇಡವೆನ್ನಬಹುದಿತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಒಂದು ಸಲ ಬೇಡವೆಂದದ್ದಕ್ಕೇ ನನ್ನ ಶಕ್ತಿಯೆಲ್ಲ ಖರ್ಚಾಗಿತ್ತು. ಅಂಟಿಸುವ ಮೊದಲು ಕಾಕ ಫಿಲ್ಮನ್ನು ನನ್ನ ಕೈಯಿಂದ ತೆಗೆದುಕೊಂಡರು.

"ನಿಲ್ಲು. ಒಂದು ಪ್ರತಿ ತೆಗೆದಿಡುತ್ತೇನೆ."

"ಯಾರಿಗೆ ಕಾಕ?"

"ಯಾರಿಗಾದರೂ. ಇಷ್ಟು ಮಂಜುಗಡ್ಡೆ ಹಾಕಿದ್ದೇವೆ ಮಾರಾಯ, ಆ ಚೌಕದ ಅಡಿ ಹೂತು ಹೋಗುವುದಕ್ಕಾ?"

ಶಾಲೆಗಳು ತೆರೆಯುವ ಹೊತ್ತಿಗೆ ಹಾಳೆಗಳು ಅಚ್ಚಾಗಿ ಹೋದವು. ಮ್ಯಾನೇಜರ್ ಪತ್ರಕ್ಕೆ ಸಹಿ ಹಾಕಿದರು, ಇಕಾಮಾ ಒಂದು ವರ್ಷ ಮುಂದುವರಿಯಿತು. ಜೊತೆಗೆ ನನ್ನನ್ನು ಜುಬೈಲಿಗೆ ವರ್ಗ ಮಾಡಿದರು, ಕಾರ್ಖಾನೆಯ ಕೊಳವೆಗಳ ನಕ್ಷೆ ಬರೆಯುವುದಕ್ಕೆ. ಶಿಕ್ಷೆ ಎಂದು ಅವರು ಹೇಳಲಿಲ್ಲ, ಬಡ್ತಿ ಎಂದೂ ಹೇಳಲಿಲ್ಲ.

ಹೊರಡುವ ಬೆಳಿಗ್ಗೆ ಪೆಟ್ಟಿಗೆ ಹಿಡಿದು ಕಚೇರಿಯ ಗೇಟಿನ ಹತ್ತಿರ ವ್ಯಾನಿಗೆ ಕಾಯುತ್ತಿದ್ದೆ. ಪ್ರೊಫೆಸರ್ ತಮ್ಮ ಪುಸ್ತಕಗಳನ್ನು ಒಯ್ಯಲು ಬಂದರು. ಅವರೂ ಆ ವಾರ ಖಾರ್ತೂಮಿಗೆ ಮರಳುವವರಿದ್ದರು. ಕಾಕ ಒಳಗಿನಿಂದ ಓಡಿ ಬಂದು ಸುರುಳಿ ಸುತ್ತಿದ ಫಿಲ್ಮನ್ನು ಅವರ ಕೈಗಿಟ್ಟರು. "ಚೌಕ ಇಲ್ಲದ್ದು" ಎಂದು ನಾನು ಹೇಳಿದೆ.

ಅವರು ಅಲ್ಲೇ, ಬಿಸಿಲಿನಲ್ಲಿ, ಸುರುಳಿ ಬಿಚ್ಚಿ ಎರಡು ಕೈಗಳಲ್ಲಿ ಆಕಾಶಕ್ಕೆ ಎತ್ತಿ ಹಿಡಿದರು. ಅವರ ಬಿಳಿ ಅಂಗಿಯ ಮೇಲೆ ಚುಕ್ಕಿಗಳ ನೆರಳು ಬಿತ್ತು. ಕಣ್ಣು ಕಿರಿದು ಮಾಡಿ ಮೆಕ್ಕಾದ ಕಡೆಯಿಂದ ಒಳನಾಡಿಗೆ, ಮರಳಿನ ಕಡೆಗೆ ನೋಡುತ್ತ ಹೋದರು. ವ್ಯಾನು ಬಂದು ಹಾರ್ನ್ ಹಾಕಿತು. ಅವರಿಗೆ ಕೇಳಿಸಲಿಲ್ಲ.

"ಎಲ್ಲಿ ಮುಗಿಯುತ್ತದೆ?" ಎಂದು ಕೇಳಿದರು.

"ನಮಗೂ ಗೊತ್ತಿಲ್ಲ ಸರ್" ಎಂದೆ.

"ಸಿಗುತ್ತಿಲ್ಲ" ಎಂದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾನು ವ್ಯಾನು ಹತ್ತಿ ತಿರುಗಿ ನೋಡಿದಾಗಲೂ ಅವರು ಕೈ ಇಳಿಸಿರಲಿಲ್ಲ. ಪಕ್ಕದಲ್ಲಿ ಕಾಕ ಕನ್ನಡಕ ಹಣೆಗೇರಿಸಿಕೊಂಡು ತಾವೂ ಹುಡುಕುತ್ತಿದ್ದರು.